ಹೊಸ ಲೈಸನ್ಸ್, ದುಬಾರಿ ಇನ್ಶೂರೆನ್ಸ್: ಕಾಸರಗೋಡಿನ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ವಾಹನಗಳ ಇನ್ಶೂರೆನ್ಸ್ ಮಾಡಿಸಿಕೊಡುವುದು ಕೆಲಸ. ಕಾಲೇಜು ಮುಗಿಸಿದ ಮಕ್ಕಳು ಬರುತ್ತಾರೆ. ಅವರ ಹಿಂದೆ ಅಡಿಕೆ ಮಾರಿದ ದುಡ್ಡು ಹಿಡಿದುಕೊಂಡು ಅಪ್ಪಂದಿರು, ಗಲ್ಫ್‌ನಿಂದ ರಜೆಗೆ ಬಂದ ಅಣ್ಣಂದಿರು. ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಅವೇ. ಹೇಳಿ ಹೇಳಿ ಬಾಯಿ ಸೋತಿತು. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಪ್ರಶ್ನೆ: ನನಗೆ ಈಗಷ್ಟೇ 19. ವಯಸ್ಸು ಕಮ್ಮಿ ಅಂತ ನನಗೆ ಪ್ರೀಮಿಯಂ ಜಾಸ್ತಿ ಹಾಕುತ್ತಾರಂತೆ, ಹೌದಾ?

ಇದು ಹೊರದೇಶದಿಂದ ಬಂದ ಸುದ್ದಿ. ಬ್ರಿಟನ್‌ನಲ್ಲಿ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಅದು ನಿಜ. ಅಲ್ಲಿ ಚಾಲಕನ ವಯಸ್ಸು ನೋಡಿಯೇ ದರ ಕಟ್ಟುತ್ತಾರೆ. ಎಳೆಯರ ಕಾರಿಗೆ ಒಂದು ಕಪ್ಪು ಪೆಟ್ಟಿಗೆ ಕೂರಿಸಿ, ಹೇಗೆ ಬ್ರೇಕ್ ಹಾಕುತ್ತಾರೆ, ರಾತ್ರಿ ಎಷ್ಟು ಹೊತ್ತಿಗೆ ತಿರುಗುತ್ತಾರೆ ಅಂತ ಲೆಕ್ಕ ಇಡುವ ಪಾಲಿಸಿಗಳೂ ಬ್ರಿಟನ್‌ನಲ್ಲಿವೆ. ಲಂಡನ್‌ನಲ್ಲಿ ಓದುವ ಚಿಕ್ಕಪ್ಪನ ಮಗ ಫೋನಿನಲ್ಲಿ ಗೋಳು ಹೇಳಿಕೊಂಡಿರುತ್ತಾನೆ, ಇಲ್ಲಿಯೂ ಹಾಗೇ ಅಂತ ನಾವು ಅಂದುಕೊಳ್ಳುತ್ತೇವೆ.

ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ಭಾಗಕ್ಕೆ ಥರ್ಡ್ ಪಾರ್ಟಿ ಅನ್ನುತ್ತಾರೆ. ನಮ್ಮಲ್ಲಿ ಅದರ ದರವನ್ನು ಕೇಂದ್ರ ಸರಕಾರ ನಿಗದಿ ಮಾಡುತ್ತದೆ. ಅದು ಎಂಜಿನ್ ಎಷ್ಟು ಸಿಸಿ ಎಂಬುದರ ಮೇಲೆ. ಓಡಿಸುವವನು 19ರ ಹುಡುಗನೋ 70ರ ಅಜ್ಜನೋ ಎಂಬುದು ಅಲ್ಲಿ ಲೆಕ್ಕಕ್ಕೇ ಇಲ್ಲ. ನಮ್ಮ ಕಾರಿಗೆ ಆಗುವ ಹಾನಿಯ ಭಾಗಕ್ಕೆ ಓನ್ ಡ್ಯಾಮೇಜ್ ಅನ್ನುತ್ತಾರೆ. ಅದಕ್ಕೆ 2007ರಿಂದ ಕಂಪೆನಿಗಳೇ ಬೆಲೆ ಕಟ್ಟುತ್ತವೆ. ಅಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು. ಆದರೂ ಮುಖ್ಯವಾಗಿ ನೋಡುವುದು ಕಾರಿನ ಬೆಲೆ, ಕಾರಿನ ವಯಸ್ಸು, ಎಂಜಿನ್, ನೋಂದಣಿಯಾದ ಊರು.

ಪ್ರಶ್ನೆ: ಮತ್ತೆ ಅಪ್ಪನ ಕಾರಿಗಿಂತ ನನ್ನದಕ್ಕೆ ದುಪ್ಪಟ್ಟು ಬಂದದ್ದು ಹೇಗೆ?

ನಿಮ್ಮ ವಯಸ್ಸಿನಿಂದಲ್ಲ, ನಿಮ್ಮ ಇನ್ಶೂರೆನ್ಸ್‌ನ ವಯಸ್ಸಿನಿಂದ. ಅಪ್ಪ ಐದಾರು ವರ್ಷ ಕ್ಲೇಮ್ ಮಾಡದೆ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ, ಕೂಡಿಸಿಟ್ಟಿದ್ದಾರೆ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಶೇಕಡಾ, ಆಮೇಲೆ 25, 35, 45, ಕೊನೆಗೆ 50. ಅಂದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಅವರಿಗೆ ಅರ್ಧ ಮಾಫಿ. ನೀವು ಸೊನ್ನೆಯಿಂದ ಶುರು.

ಎರಡನೆಯದು, ನಿಮ್ಮದು ಹೊಸ ಕಾರು. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟಿನ ಆದೇಶ ಅದು. ಬೈಕ್, ಸ್ಕೂಟರಿಗೆ 5 ವರ್ಷ. ಹಾಗಾಗಿ ಮೊದಲ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅದು ಒಂದು ವರ್ಷದ ದುಡ್ಡಲ್ಲ, ನೆನಪಿಡಿ. ಅದರ ಮೇಲೆ ಶೋರೂಮಿನವರು ಸೇರಿಸಿದ ಆಡ್-ಆನ್‌ಗಳು (ಹೆಚ್ಚುವರಿ ಕವರ್‌ಗಳು), ಎಲ್ಲದಕ್ಕೂ 18 ಶೇಕಡಾ ಜಿಎಸ್‌ಟಿ.

ಪ್ರಶ್ನೆ: ಥರ್ಡ್ ಪಾರ್ಟಿ ಈಗ ಎಷ್ಟು?

2022ರ ಜೂನ್ 1ರಿಂದ ಜಾರಿಗೆ ಬಂದ ದರ ಹೀಗಿದೆ. 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ. 1000 ದಾಟಿ 1500ರವರೆಗೆ 3,416. ಅದಕ್ಕಿಂತ ಮೇಲೆ 7,897. ಹೊಸ ಕಾರಿಗೆ 3 ವರ್ಷಕ್ಕೆ ಒಟ್ಟಿಗೆ ಕಟ್ಟುವುದಾದರೆ 6,521, 10,640, 24,596. ಜಿಎಸ್‌ಟಿ ಬೇರೆ. ಬ್ಯಾಟರಿ ಕಾರಿನ ದರ ಕಿಲೋವ್ಯಾಟ್ ಲೆಕ್ಕದಲ್ಲಿ, ಸ್ವಲ್ಪ ಕಮ್ಮಿ. ಸರಕಾರ ಹೊಸ ದರ ಹೊರಡಿಸಿದರೆ ಇದೆಲ್ಲ ಬದಲಾಗುತ್ತದೆ.

ಇಲ್ಲೊಂದು ತಮಾಷೆ ಇದೆ. ಹಳೆಯ ಆಲ್ಟೋ 796 ಸಿಸಿ. ಈಗಿನ ಕೆಲವು ಟರ್ಬೊ ಕಾರುಗಳು 998 ಸಿಸಿ. ಓಟದಲ್ಲಿ ಅಜಗಜಾಂತರ, ಆದರೆ ಇಬ್ಬರಿಗೂ ಥರ್ಡ್ ಪಾರ್ಟಿ ಒಂದೇ, 2,094. ಸ್ವಿಫ್ಟ್ 1197 ಸಿಸಿ, ಅದು ಮಧ್ಯದ ಸಾಲಿಗೆ ಬೀಳುತ್ತದೆ. ಹುಡುಗರ ಕಣ್ಣು ಮಾತ್ರ ಯಾವಾಗಲೂ ದೊಡ್ಡ ಡೀಸೆಲ್ ಜೀಪಿನ ಮೇಲೆ. ಅದಕ್ಕೆ 7,897, ಜಿಎಸ್‌ಟಿ ಸೇರಿ 9,300 ದಾಟುತ್ತದೆ. ಕಾರು ಆರಿಸುವಾಗಲೇ ಸಿಸಿ ನೋಡಿದವರನ್ನು ನಾನು ಕಂಡದ್ದು ಕಮ್ಮಿ.

ಪ್ರಶ್ನೆ: ಮಂಗಳೂರಲ್ಲಿ ತೆಗೆದು ಕೆಎ 19 ಮಾಡಿಸಿದರೆ ಇನ್ಶೂರೆನ್ಸ್ ಅಗ್ಗವಾ?

ಇಲ್ಲ. ಖಾಸಗಿ ಕಾರಿಗೆ ದೇಶವನ್ನು ಎರಡು ವಲಯ ಮಾಡಿದ್ದಾರೆ. ಬೆಂಗಳೂರು, ಚೆನ್ನೈ, ಮುಂಬಯಿ, ಪುಣೆ, ಹೈದರಾಬಾದ್, ದೆಹಲಿ, ಕೋಲ್ಕತ್ತಾ, ಅಹಮದಾಬಾದ್ ಎ ವಲಯ. ಉಳಿದದ್ದೆಲ್ಲ ಬಿ. ಕಾಸರಗೋಡಿನ ಕೆಎಲ್ 14 ಆಗಲಿ, ಮಂಗಳೂರಿನ ಕೆಎ 19 ಆಗಲಿ, ಎರಡೂ ಬಿ ವಲಯವೇ. ತಲಪಾಡಿ ಗಡಿ ದಾಟಿದ್ದರಿಂದ ಲಾಭ ಏನೂ ಇಲ್ಲ.

ಪಾಲಿಸಿ ಇಡೀ ದೇಶಕ್ಕೆ ಸಲ್ಲುತ್ತದೆ, ಅದರಲ್ಲಿ ತೊಂದರೆಯಿಲ್ಲ. ಆದರೆ ಕರ್ನಾಟಕದ ನಂಬರಿನ ಸೆಕೆಂಡ್ ಹ್ಯಾಂಡ್ ಕಾರನ್ನು ತಂದು 12 ತಿಂಗಳಿಗಿಂತ ಹೆಚ್ಚು ಕೇರಳದಲ್ಲೇ ಇಟ್ಟುಕೊಳ್ಳುವುದಾದರೆ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ತಂದು ಇಲ್ಲಿ ನೋಂದಣಿ ಮಾಡಿಸಬೇಕು. ಹೊಸ ನಂಬರ್ ಸಿಕ್ಕ ಮೇಲೆ ಕಂಪೆನಿಗೆ ತಿಳಿಸಿ ಪಾಲಿಸಿಯಲ್ಲೂ ಬದಲಾಯಿಸಬೇಕು. ಇದನ್ನು ಮರೆಯುವವರೇ ಜಾಸ್ತಿ.

ಪ್ರಶ್ನೆ: ಕಾರನ್ನು ಅಪ್ಪನ ಹೆಸರಲ್ಲೇ ಇಟ್ಟು ನಾನು ಓಡಿಸಿದರೆ ಆಗದಾ?

ಆಗುತ್ತದೆ. ನಮ್ಮ ಕಡೆ ಹತ್ತರಲ್ಲಿ ಎಂಟು ಮನೆಯಲ್ಲಿ ನಡೆಯುವುದೇ ಹಾಗೆ. ಪಾಲಿಸಿ ಕಾರಿಗೆ ಇರುವುದು, ಸರಿಯಾದ ಲೈಸನ್ಸ್ ಇರುವ ಯಾರು ಓಡಿಸಿದರೂ ನಡೆಯುತ್ತದೆ. ಅಪ್ಪ ಹಳೇ ಕಾರು ಮಾರಿದ್ದರೆ ಅದರ ಎನ್‌ಸಿಬಿಯನ್ನು ಅವರ ಹೆಸರಿನ ಹೊಸ ಕಾರಿಗೆ ತರಬಹುದು. 50 ಶೇಕಡಾ ಇದ್ದರೆ ಸಣ್ಣ ಮೊತ್ತವಲ್ಲ. ಎನ್‌ಸಿಬಿ ಕಾರಿನದ್ದಲ್ಲ, ಮಾಲೀಕನದ್ದು. ಮಾರುವಾಗ ಕಂಪೆನಿಯಿಂದ ಒಂದು ಸರ್ಟಿಫಿಕೇಟ್ ತೆಗೆದಿಟ್ಟುಕೊಂಡರೆ 3 ವರ್ಷದೊಳಗೆ ಬಳಸಬಹುದು.

ಆದರೆ ಇದರಲ್ಲಿ ಒಂದು ಗುಂಡಿ ಇದೆ. ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಪಾಲಿಸಿಯ ಜೊತೆಗೆ 15 ಲಕ್ಷದ ಪಿಎ ಕವರ್ ಅಂತ ಒಂದು ಇರುತ್ತದೆ, ಅಪಘಾತದಲ್ಲಿ ಸಾವು ಅಥವಾ ಅಂಗವೈಕಲ್ಯ ಆದರೆ ಸಿಗುವ ಹಣ. ಅದು ಲೈಸನ್ಸ್ ಇರುವ ಮಾಲೀಕನಿಗೆ ಮಾತ್ರ. ಆರ್‌ಸಿಯಲ್ಲಿ ಹೆಸರು ಅಪ್ಪನದ್ದು, ಸ್ಟೇರಿಂಗ್ ಹಿಡಿದದ್ದು ಮಗ. ಮಗನಿಗೆ ಏನಾದರೂ ಆದರೆ ಆ 15 ಲಕ್ಷ ಬರುವುದಿಲ್ಲ. ಥರ್ಡ್ ಪಾರ್ಟಿಯಿಂದಲೂ ಬರುವುದಿಲ್ಲ. ಮಾಲೀಕನಿಂದ ಕಾರು ಪಡೆದು ಓಡಿಸಿದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಅವನು ಹೊರಗಿನವನಲ್ಲ ಎಂಬುದು ಕೋರ್ಟಿನ ನಿಲುವು. ಹಾಗಾಗಿ ದಿನಾ ಓಡಿಸುವವನು ಮಗನಾದರೆ ಅವನ ಹೆಸರು ಬರೆಸಿ ಪಿಎ ಕವರ್ ಸೇರಿಸಿ, ಇಲ್ಲವೇ ಅವನಿಗೆ ಬೇರೆಯೇ ಒಂದು ಅಪಘಾತ ವಿಮೆ ಮಾಡಿಸಿ. ಅದಕ್ಕೆ ಆಗುವ ಖರ್ಚು ದೊಡ್ಡದಲ್ಲ. ಕಾರಿನ ಬಂಪರಿಗೆ ಸಾವಿರಗಟ್ಟಲೆ ಕಟ್ಟುವವರು ಮಗನ ಜೀವಕ್ಕೆ ಕಟ್ಟುವುದನ್ನು ಬಿಟ್ಟಿರುತ್ತಾರೆ. ನನಗೆ ಇದು ಯಾವತ್ತೂ ಅರ್ಥವಾಗಿಲ್ಲ.

ಪ್ರಶ್ನೆ: ಎಲ್ ಬೋರ್ಡ್ ಹಾಕಿ ಓಡಿಸುವಾಗ ಗುದ್ದಿದರೆ ಕ್ಲೇಮ್ ಸಿಗುತ್ತದಾ?

ನಿಯಮ ಪಾಲಿಸಿದ್ದರೆ ಸಿಗುತ್ತದೆ. ಪಕ್ಕದಲ್ಲಿ ಪೂರ್ತಿ ಲೈಸನ್ಸ್ ಇರುವವರು ಕೂತಿರಬೇಕು, ಬೇಕಾದರೆ ಕಾರು ನಿಲ್ಲಿಸಲು ಆಗುವ ಹಾಗೆ. ಕಾರಿನ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್ ಇರಬೇಕು. ಲರ್ನರ್ಸ್‌ನ 6 ತಿಂಗಳ ಅವಧಿ ಮುಗಿದಿರಬಾರದು. ಒಬ್ಬನೇ ಪೆರ್ಲಕ್ಕೆ ಹೋಗಿ ಬರುತ್ತೇನೆ ಅಂತ ಹೊರಟು ಗುದ್ದಿದರೆ ಕಂಪೆನಿ ಕೈ ಎತ್ತುತ್ತದೆ. ಆಮೇಲೆ ಅಂಗಡಿಗೆ ಬಂದು "ಅಣ್ಣಾ, ಪಕ್ಕದಲ್ಲಿ ಮಾವ ಇದ್ದರು ಅಂತ ಬರೆಯುವನಾ" ಎಂದು ಕೇಳಬೇಡಿ. ನಾನು ಬರೆಯುವುದಿಲ್ಲ.

ಪ್ರಶ್ನೆ: ನಮ್ಮ ಹುಡುಗನಿಗೆ 17, ಚೆಂದ ಓಡಿಸುತ್ತಾನೆ. ಊರೊಳಗೆ ಕೊಟ್ಟರೆ ಏನು?

ಕೊಡಬೇಡಿ. 2019ರ ತಿದ್ದುಪಡಿ ಬಂದ ಮೇಲೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಕಾರಿನ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸನ್ಸೇ ಸಿಗುವುದಿಲ್ಲ. ಕಾರಿನ ಹಾನಿಗೆ ಇನ್ಶೂರೆನ್ಸ್ ಅಂತೂ ಬರುವುದೇ ಇಲ್ಲ.

ಪ್ರಶ್ನೆ: ಹಳೇ ಆಲ್ಟೋ. ಥರ್ಡ್ ಪಾರ್ಟಿ ಮಾತ್ರ ಸಾಕಲ್ವಾ? ಅದೂ ಸುಮ್ನೆ ದಂಡ ತಪ್ಪಿಸಲು ತಾನೇ?

ಮೊದಲ ಪ್ರಶ್ನೆಗೆ, ಸಾಕು. 12 ವರ್ಷದ ಕಾರಿಗೆ ಫುಲ್ ಇನ್ಶೂರೆನ್ಸ್ (ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್ ಎರಡೂ) ಮಾಡಿಸಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಎರಡನೆಯದಕ್ಕೆ, ಅಲ್ಲ. ದಂಡ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000, ಜೈಲಿಗೂ ಅವಕಾಶವಿದೆ. ಆದರೆ ಭಯ ಪಡಬೇಕಾದ್ದು ಅದಕ್ಕಲ್ಲ.

ಒಂದು ಲೆಕ್ಕ ಮಾಡೋಣ. ಚೆರ್ಕಳದ ಹತ್ತಿರ ನಿಮ್ಮ ಕಾರು ಒಂದು ಬೈಕಿಗೆ ಬಡಿಯಿತು, ತಪ್ಪು ನಿಮ್ಮದು, ಬೈಕಿನವನು ತೀರಿಹೋದ ಅಂತಿಟ್ಟುಕೊಳ್ಳಿ. ಅವನಿಗೆ 24, ಮದುವೆಯಾಗಿಲ್ಲ, ತಿಂಗಳಿಗೆ 20,000 ಸಂಪಾದನೆ. ಅಪಘಾತ ಪರಿಹಾರದ ನ್ಯಾಯಮಂಡಳಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಸೂತ್ರದಲ್ಲಿ ಹೋಗುತ್ತದೆ. ಮುಂದೆ ಸಂಪಾದನೆ ಏರುತ್ತಿತ್ತು ಎಂದು 40 ಶೇಕಡಾ ಸೇರಿಸಿದರೆ 28,000. ಅವಿವಾಹಿತ, ತನ್ನ ಖರ್ಚಿಗೆ ಅರ್ಧ ಎಂದು ಕಳೆದರೆ 14,000. ವರ್ಷಕ್ಕೆ 1,68,000. ಆ ವಯಸ್ಸಿಗೆ 18ರಿಂದ ಗುಣಿಸುತ್ತಾರೆ. 30,24,000 ರೂಪಾಯಿ. ಬೇರೆ ಬಾಬ್ತುಗಳು, ಬಡ್ಡಿ ಇದರ ಮೇಲೆ.

ಇನ್ಶೂರೆನ್ಸ್ ಇದ್ದರೆ ಕಂಪೆನಿ ಕೊಡುತ್ತದೆ. ಸಾವು, ಗಾಯಕ್ಕೆ ಮೇಲಿನ ಮಿತಿ ಇಲ್ಲ. ಬೇರೆಯವರ ಆಸ್ತಿ ಹಾನಿಗೆ ಮಾತ್ರ ಏಳೂವರೆ ಲಕ್ಷದ ಮಿತಿ. ಇನ್ಶೂರೆನ್ಸ್ ಇಲ್ಲದಿದ್ದರೆ ಇಷ್ಟೂ ನೀವು ಕೊಡಬೇಕು. ಇನ್ಶೂರೆನ್ಸ್ ಇದ್ದು ಓಡಿಸಿದವನಿಗೆ ಲೈಸನ್ಸ್ ಇಲ್ಲದಿದ್ದರೆ? ಸತ್ತವನ ಮನೆಯವರಿಗೆ ಕಂಪೆನಿ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಲು ಕೋರ್ಟು ಬಿಡುತ್ತದೆ. ಗೆಳೆಯನಿಗೆ ಕೀ ಕೊಡುವ ಮೊದಲು ಅವನ ಲೈಸನ್ಸ್ ಕಣ್ಣಾರೆ ನೋಡಿ. ಬೇಸರ ಪಟ್ಟುಕೊಂಡರೆ ಪಟ್ಟುಕೊಳ್ಳಲಿ. 2,094 ರೂಪಾಯಿ ದುಬಾರಿ ಅನ್ನುವವರಿಗೆ ನಾನು ಈ ಲೆಕ್ಕವನ್ನೇ ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಪ್ರಶ್ನೆ: ಗೇಟಿಗೆ ತಾಗಿ ಬಂಪರ್ ಒಡೆಯಿತು. ಕ್ಲೇಮ್ ಮಾಡಿಬಿಡುವನಾ?

ತಡೆಯಿರಿ. ಹೊಸ ಚಾಲಕರಿಗೆ ಇನ್ಶೂರೆನ್ಸ್ ದುಬಾರಿ ಆಗುವುದು ಇಲ್ಲಿಯೇ, ತಮ್ಮ ಕೈಯಾರೆ.

ಬಿಲ್ 6,000 ಅಂತಿಟ್ಟುಕೊಳ್ಳಿ. ಬಂಪರ್ 4,000, ಕೆಲಸದ ಕೂಲಿ 2,000. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗೆ ಸಾದಾ ಪಾಲಿಸಿಯಲ್ಲಿ 50 ಶೇಕಡಾ ಸವಕಳಿ ಕಳೆಯುತ್ತಾರೆ. 2,000 ಹೋಯಿತು. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ರೂಪಾಯಿ ನಾವೇ ಹಾಕಬೇಕು. ಅಲ್ಲಿಗೆ ಕೈಗೆ ಬಂದದ್ದು 3,000.

ಈಗ ಹೋದದ್ದನ್ನು ನೋಡಿ. ಲೆಕ್ಕ ಸುಲಭವಾಗಲಿ ಅಂತ ಓನ್ ಡ್ಯಾಮೇಜ್ ಪ್ರೀಮಿಯಂ ಪ್ರತಿ ವರ್ಷ 10,000 ಎಂದೇ ಹಿಡಿಯೋಣ. ನಿಮಗೆ ಈಗ 25 ಶೇಕಡಾ ಎನ್‌ಸಿಬಿ ಇದೆ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 35, ಕಟ್ಟುವುದು 6,500. ಮಾಡಿದರೆ ಸೊನ್ನೆ, ಕಟ್ಟುವುದು 10,000. ಮೊದಲ ವರ್ಷವೇ 3,500 ನಷ್ಟ. ಅದು ಅಲ್ಲಿಗೆ ನಿಲ್ಲುವುದಿಲ್ಲ. ಮತ್ತೆ ಏಣಿ ಹತ್ತಬೇಕಲ್ಲ? ಆಮೇಲಿನ ವರ್ಷಗಳಲ್ಲಿ 2,500, ಮತ್ತೆ 2,500, 1,500, 500. ಒಟ್ಟು 10,500. ಕಾರು ಹಳತಾದಂತೆ ಪ್ರೀಮಿಯಂ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಸ್ವಲ್ಪ ಕಮ್ಮಿ ಇರಬಹುದು. ಆದರೂ 3,000ಕ್ಕೆ ಬಾಯಿಬಿಟ್ಟು ಅದರ ಎರಡು ಮೂರು ಪಟ್ಟು ಕಳೆದುಕೊಂಡ ಹಾಗಾಯಿತು.

ನನ್ನ ಭಾವನ ಮಗ ಇದನ್ನೇ ಮಾಡಿದ. ಒಂದು ವರ್ಕ್‌ಶಾಪಿನವರು "ಇನ್ಶೂರೆನ್ಸ್ ಇದೆಯಲ್ಲ, ನಿಮಗೇನು" ಅಂತ ಹೇಳಿ ಒಂದೇ ವರ್ಷದಲ್ಲಿ ಎರಡು ಗೀರಿಗೆ ಎರಡು ಕ್ಲೇಮ್ ಹಾಕಿಸಿದರು. ಮರುವರ್ಷ ರಿನ್ಯೂವಲ್ ಬಿಲ್ ಹಿಡಿದುಕೊಂಡು ನನ್ನ ಮೇಲೆ ರೇಗಲು ಬಂದ. ಸ್ವಂತ ಮಾವನ ಅಂಗಡಿ ಮೂರು ಹೆಜ್ಜೆ ದೂರದಲ್ಲಿದ್ದರೂ ಕೇಳಿರಲಿಲ್ಲ.

ನನ್ನ ಅಳತೆಗೋಲು ಇಷ್ಟೇ: ಕೈಗೆ ಬರುವ ದುಡ್ಡು ಮುಂದಿನ ಎರಡು ವರ್ಷದ ಎನ್‌ಸಿಬಿ ನಷ್ಟಕ್ಕಿಂತ ಕಮ್ಮಿ ಇದ್ದರೆ ಕಿಸೆಯಿಂದ ಕೊಟ್ಟು ರಿಪೇರಿ ಮಾಡಿಸಿ.

ಪ್ರಶ್ನೆ: ಬಂಪರ್ ಟು ಬಂಪರ್ ಬೇಕಾ?

ಹೊಸ ಕಾರು, ಹೊಸ ಕೈ. ಮೊದಲ ಮೂರು ನಾಲ್ಕು ವರ್ಷ ಬೇಕು. ಮೇಲೆ ಹೇಳಿದ ಸವಕಳಿ ಕಳೆಯದೆ ಕೊಡುತ್ತಾರೆ. ವರ್ಷಕ್ಕೆ ಎಷ್ಟು ಸಲ ಅನ್ನುವುದಕ್ಕೆ ಮಿತಿ ಇರಬಹುದು, ಓದಿ ನೋಡಿ.

ಇನ್ನೊಂದು ಎಂಜಿನ್ ಪ್ರೊಟೆಕ್ಟ್. ನಮ್ಮ ಮಳೆಗೆ ಇದು ಬೇಕಾಗುವ ಮನೆಗಳಿವೆ. ತಗ್ಗಿನ ರಸ್ತೆಯಲ್ಲಿ ನೀರು ನಿಂತು, ಕಾರು ಬಂದ್ ಬಿದ್ದು, ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಎಂಜಿನ್ ಒಳಗೆ ಹೋಗಿ ಅದು ಕೆಟ್ಟುಬಿಡುತ್ತದೆ. ಸಾದಾ ಪಾಲಿಸಿಯಲ್ಲಿ ಅದಕ್ಕೆ ದುಡ್ಡು ಬರುವುದು ಕಷ್ಟ. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ ತಳ್ಳಿ ಹೊರತನ್ನಿ. ಇದು ಪುಕ್ಕಟೆ ಇನ್ಶೂರೆನ್ಸ್. ಉಳಿದ ಆಡ್-ಆನ್‌ಗಳಲ್ಲಿ ಕೀ ಕಳೆದುಹೋದರೆ, ಸಾಮಾನು ಕಳೆದುಹೋದರೆ ಅಂತ ಬರುವುದನ್ನೆಲ್ಲ ನಾನು ತೆಗೆಸಿಬಿಡುತ್ತೇನೆ.

ಪ್ರಶ್ನೆ: ಶೋರೂಮಿನಲ್ಲೇ ಮಾಡಿಸಬೇಕೆಂದು ಹಟ ಹಿಡಿಯುತ್ತಾರೆ.

ಕಡ್ಡಾಯ ಇಲ್ಲ. ಕೊಟೇಶನ್ ಬರಹದಲ್ಲಿ ಕೇಳಿ ಪಡೆಯಿರಿ. ಅದೇ ಐಡಿವಿ, ಅದೇ ಆಡ್-ಆನ್ ಇಟ್ಟು ಬೇರೆ ಎರಡು ಕಡೆ ಕೇಳಿ. ಐಡಿವಿ ಅಂದರೆ ಕಾರು ಕಳವಾದರೆ ಅಥವಾ ಪೂರ್ತಿ ನಾಶವಾದರೆ ಸಿಗುವ ಮೊತ್ತ. ಅದನ್ನು ಇಳಿಸಿ "ನಮ್ಮಲ್ಲಿ ಅಗ್ಗ" ಅನ್ನುವವರಿದ್ದಾರೆ. ಅದು ಅಗ್ಗವಲ್ಲ. ಬಿಲ್ಲನ್ನು ಕಂಪೆನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಗ್ಯಾರೇಜ್ ನಮ್ಮ ಹತ್ತಿರ ಎಲ್ಲಿದೆ ಎಂದೂ ನೋಡಿ. ಕೆಲವು ಕಂಪೆನಿಗಳ ಪಟ್ಟಿಯಲ್ಲಿ ಮಂಗಳೂರು ಬಿಟ್ಟರೆ ಹತ್ತಿರ ಯಾವುದೂ ಇರುವುದಿಲ್ಲ. ಮುಳ್ಳೇರಿಯದಿಂದ ಒಡೆದ ಕಾರನ್ನು ಅಲ್ಲಿಗೆ ಎಳೆಸುವುದು ಯಾರು?

ಪ್ರಶ್ನೆ: ಪ್ರೀಮಿಯಂ ಇಳಿಸಲು ಬೇರೆ ದಾರಿ?

ಕ್ಲೇಮಿನಲ್ಲಿ ಮೊದಲ 2,500 ಅಥವಾ 5,000 ನಾನೇ ಹಾಕುತ್ತೇನೆ ಎಂದು ಒಪ್ಪಿದರೆ ಸ್ವಲ್ಪ ರಿಯಾಯಿತಿ ಇದೆ. ಸಣ್ಣ ಗೀರಿಗೆ ಹೇಗೂ ಕ್ಲೇಮ್ ಮಾಡುವುದಿಲ್ಲ ಎಂದಾದರೆ ಇದು ಒಳ್ಳೆಯದೇ. ಓಡಿಸಿದಷ್ಟಕ್ಕೆ ಕಟ್ಟುವ, ಓಡಿಸುವ ರೀತಿ ನೋಡಿ ದರ ಕಟ್ಟುವ ಆಡ್-ಆನ್‌ಗೆ 2022ರಿಂದ ಅನುಮತಿ ಇದೆ. ವಾರಕ್ಕೊಮ್ಮೆ ಕುಂಬಳೆಗೆ ಹೋಗಿ ಬರುವ ಕಾರಿಗೆ ಲಾಭ. ದಿನಾ ಮಂಗಳೂರಿಗೆ ಕಾಲೇಜಿಗೆ ಹೋಗುವವರಿಗೆ ಇಲ್ಲ.

ಪ್ರಶ್ನೆ: ಮದುವೆ ಸೀಸನಲ್ಲಿ ಗೆಳೆಯರಿಗೆ ಬಾಡಿಗೆಗೆ ಕೊಟ್ಟು ಕಂತಿನ ದುಡ್ಡು ಮಾಡಿಕೊಳ್ಳಬಹುದಾ?

ಖಾಸಗಿ ನಂಬರಿನ ಕಾರನ್ನು ಬಾಡಿಗೆಗೆ ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ಬಾಡಿಗೆಗೆ ಹೋಗಿತ್ತೆಂದು ಹಾನಿ ನೋಡಲು ಬರುವ ಸರ್ವೇಯರಿಗೆ ಗೊತ್ತಾದರೆ ಕ್ಲೇಮ್ ಹೋಯಿತು. ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ "ರೆಂಟಿಗೆ ಇದೆ" ಅಂತ ಫೋಟೋ ಹಾಕಿದ ಮೇಲೆ ಅದು ಗೊತ್ತಾಗುವುದು ಕಷ್ಟವೂ ಅಲ್ಲ.

ಪ್ರಶ್ನೆ: ರಿನ್ಯೂವಲ್ ಎರಡು ದಿನ ತಪ್ಪಿದರೆ?

ಆ ಎರಡು ದಿನ ನಿಮಗೆ ಇನ್ಶೂರೆನ್ಸ್ ಇಲ್ಲ. ಕಾರು ಹೊರಗೆ ತೆಗೆಯಬೇಡಿ. ಫುಲ್ ಇನ್ಶೂರೆನ್ಸ್ ಆದರೆ ಕಾರಿನ ತಪಾಸಣೆ ಆಗಿಯೇ ಮತ್ತೆ ಪಾಲಿಸಿ. ಎನ್‌ಸಿಬಿ 90 ದಿನದವರೆಗೆ ಉಳಿಯುತ್ತದೆ, ಆಮೇಲೆ ಹೋಯಿತು.

ಪ್ರಶ್ನೆ: ಗಲ್ಫ್‌ನಲ್ಲಿ ಏಳು ವರ್ಷ ಕ್ಲೇಮ್ ಇಲ್ಲದೆ ಓಡಿಸಿದ್ದೇನೆ. ಊರಲ್ಲಿ ಅದಕ್ಕೆ ಬೆಲೆ ಇದೆಯಾ?

ಇದೆ. ಹಳೆಯ ಮೋಟಾರ್ ಟಾರಿಫ್ ನಿಯಮದಲ್ಲೇ ಇದಕ್ಕೆ ಜಾಗ ಇಟ್ಟಿದ್ದರು. ಅಲ್ಲಿನ ಪಾಲಿಸಿ ಮುಗಿದು 3 ವರ್ಷ ದಾಟಿರಬಾರದು, ಅಲ್ಲಿನ ಕಂಪೆನಿಯ ಪತ್ರ ಬೇಕು. ವಿಮಾನ ಹತ್ತುವ ಮೊದಲೇ ಪತ್ರ ಕೇಳಿ ತನ್ನಿ. ಆದರೆ ಇಲ್ಲದ ಎನ್‌ಸಿಬಿ ಇದೆ ಅಂತ ಬರೆದು ಪ್ರೀಮಿಯಂ ಇಳಿಸಬೇಡಿ. ಕ್ಲೇಮಿನ ಹೊತ್ತಿಗೆ ಹಳೇ ಕಂಪೆನಿಗೆ ಬರೆದು ಕೇಳುತ್ತಾರೆ, ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ತೋಟದ ದಾರಿಯಲ್ಲಿ ಕಾರಿನ ಮೇಲೆ ತೆಂಗಿನಕಾಯಿ ಬಿತ್ತು. ಹಂದಿ ಅಡ್ಡ ಬಂತು. ಇದಕ್ಕೆಲ್ಲ ಸಿಗುತ್ತದಾ?

ಓನ್ ಡ್ಯಾಮೇಜ್ ಇದ್ದರೆ ಸಿಗುತ್ತದೆ. ಹೊರಗಿನಿಂದ ಆದ ಆಕಸ್ಮಿಕ ಹಾನಿ ಅದು. ಬರೀ ಥರ್ಡ್ ಪಾರ್ಟಿ ಇದ್ದರೆ ಕಾಯಿ ಮಾತ್ರ ನಿಮಗೆ.

ಪ್ರಶ್ನೆ: ಅಪಘಾತ ಆದ ಕೂಡಲೇ ಏನು ಮಾಡಬೇಕು?

ಜನಕ್ಕೆ ಗಾಯವಾಗಿದ್ದರೆ ಮೊದಲು ಆಸ್ಪತ್ರೆ. ಆಮೇಲೆ ಕಾರು ಕದಲಿಸುವ ಮೊದಲು ನಂಬರ್ ಪ್ಲೇಟ್ ಕಾಣುವ ಹಾಗೆ ನಾಲ್ಕೂ ಕಡೆಯಿಂದ ಫೋಟೋ. ಕಂಪೆನಿಗೆ ಅದೇ ದಿನ ಫೋನ್. ಕೇರಳದಲ್ಲಾದರೆ ಪೊಲೀಸರ ಜಿಡಿ ಎಂಟ್ರಿ (ಠಾಣೆಯ ದಿನಚರಿಯಲ್ಲಿ ಬರೆದ ದಾಖಲೆ) ಕೇಳುತ್ತಾರೆ, ಅದಕ್ಕೆ ಪೊಲೀಸರ ಪೋಲ್ ಆ್ಯಪ್‌ನಲ್ಲೇ ಅರ್ಜಿ ಹಾಕಬಹುದು. ತಲಪಾಡಿ ಆಚೆ ಆದರೆ ಆ ಕಡೆಯ ಠಾಣೆ. ಊರಿಗೆ ಬಂದು ಇಲ್ಲಿ ಬರೆಸುತ್ತೇನೆ ಅಂದರೆ ನಡೆಯುವುದಿಲ್ಲ. ಇಲ್ಲಿನ ಜಿಡಿ ಮಲಯಾಳದಲ್ಲಿ ಬರುತ್ತದೆ, ಪಾಲಿಸಿ ಇಂಗ್ಲಿಷಿನಲ್ಲಿ. ಓದಲು ಬಾರದಿದ್ದರೆ ಸಹಿ ಹಾಕುವ ಮೊದಲು ಬಲ್ಲವರಿಂದ ಓದಿಸಿಕೊಳ್ಳಿ. ನಮ್ಮ ಅಂಗಡಿಗೂ ಬರಬಹುದು. ಭಾನುವಾರ ಮಾತ್ರ ಬೇಡ.